ಹಳೆಯ ಬೇಸ್‌ಬಾಲ್ ಆಟಗಾರರ ಕಿರುಪರಿಚಯ: ಬರೆಯುವುದು ಹೇಗೆ, ಎಡವುವುದು ಎಲ್ಲಿ

ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟು ಕಟ್ಟಿದ ಮೊದಲ ಬೇಸ್‌ಬಾಲ್ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಅಲ್ಲಿಂದ 1920ರವರೆಗಿನ ಅರ್ಧ ಶತಮಾನದಲ್ಲಿ ಅಮೆರಿಕದಲ್ಲಿ ಈ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಸಾವಿರಾರು ಮಂದಿ. ಸೈ ಯಂಗ್, ಟೈ ಕಾಬ್ ಅವರಂಥ ಕೆಲವರ ಹೆಸರು ಕ್ರಿಕೆಟ್ ಮಾತ್ರ ನೋಡುವವರ ಕಿವಿಗೂ ಬಿದ್ದಿರುತ್ತದೆ. ಉಳಿದವರು ದಾಖಲೆ ಪುಟದಲ್ಲಿ ಅಂಕಿಗಳ ಒಂದು ಸಾಲಾಗಿ ನಿಂತಿದ್ದಾರೆ. ಆ ಸಾಲನ್ನು ಇನ್ನೂರು-ಮುನ್ನೂರು ಪದಗಳ ಕನ್ನಡ ಪರಿಚಯವಾಗಿ ಬರೆಯಲು ಹೊರಟವರಿಗಾಗಿ ಈ ಲೇಖನ. ವಿಕಿಪೀಡಿಯಾಕ್ಕೆ ಬರೆಯುವವರಿಗೂ ಪತ್ರಿಕೆಗೆ ಬರೆಯುವವರಿಗೂ ಕ್ರಮ ಒಂದೇ.

ಒಂದು ಮಾತು ಮೊದಲೇ ತಿಳಿದಿರಲಿ. ಆ ಕಾಲದ ಅಂಕಿಯನ್ನು ಅದರ ಲೀಗಿನಿಂದಲೂ ಆ ವರ್ಷದ ನಿಯಮದಿಂದಲೂ ಬಿಡಿಸಿ ಬರೆದರೆ ಅದು ತಪ್ಪಾಗುತ್ತದೆ, ಅಂಕಿ ಸರಿಯಿದ್ದರೂ ಸಹ. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ತಪ್ಪನ್ನು ತಡೆಯಲೆಂದೇ ಇವೆ. ಉದಾಹರಣೆಗೆ ಉದ್ದಕ್ಕೂ ಒಬ್ಬ ಆಟಗಾರನನ್ನು ಇಟ್ಟುಕೊಳ್ಳೋಣ: 1888ರಿಂದ 1902ರವರೆಗೆ ಆಡಿದ, ಕಿವಿ ಕೇಳಿಸದ ಸೆಂಟರ್ ಫೀಲ್ಡರ್ (ಹೊರಮೈದಾನದ ನಡುಭಾಗ ಕಾಯುವವ) ವಿಲಿಯಂ ಹೋಯ್.

1. ವ್ಯಕ್ತಿ ಯಾರೆಂಬುದು ಖಚಿತವಾಗಲಿ

ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಆಟಗಾರನ ಪುಟ ತೆರೆದು ಏಳು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಪೂರ್ಣ ಹೆಸರು, ಹುಟ್ಟಿದ ದಿನ ಮತ್ತು ಊರು, ಸತ್ತ ದಿನ ಮತ್ತು ಊರು, ಬ್ಯಾಟ್ ಬೀಸುವ ಕೈ, ಚೆಂಡು ಎಸೆಯುವ ಕೈ, ಮೊದಲ ಪಂದ್ಯದ ದಿನಾಂಕ, ಕೊನೆಯ ಪಂದ್ಯದ ದಿನಾಂಕ. ಎರಡೂ ಕೈಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಹೋಯ್ ಎಡಗೈ ಬ್ಯಾಟರ್, ಎಸೆತ ಮಾತ್ರ ಬಲಗೈಯದು.

ಇಲ್ಲೇ ಮೊದಲ ಗುಂಡಿ. ಅಂದಿನ ಪತ್ರಿಕೆಗಳ ಪಂದ್ಯಪಟ್ಟಿಯಲ್ಲಿ, ಅಂದರೆ ಬಾಕ್ಸ್ ಸ್ಕೋರಿನಲ್ಲಿ, ಮನೆತನದ ಹೆಸರು ಮಾತ್ರ ಇರುತ್ತಿತ್ತು. ಅಂಕಣ ಕಿರಿದಾದರೆ ಅದನ್ನೂ ನಡುವೆ ಕತ್ತರಿಸುತ್ತಿದ್ದರು. ಡೆಲಹಂಟಿ ಎಂದಷ್ಟೇ ಇದ್ದರೆ ಯಾವ ಡೆಲಹಂಟಿ? ಎಡ್, ಟಾಮ್, ಜೋ, ಜಿಮ್, ಫ್ರಾಂಕ್, ಐವರು ಅಣ್ಣತಮ್ಮಂದಿರೂ ಮೇಜರ್ ಲೀಗಿನಲ್ಲಿ, ಅಂದರೆ ಅತ್ಯುನ್ನತ ದರ್ಜೆಯ ಲೀಗಿನಲ್ಲಿ, ಆಡಿದವರು. ಸುಳ್ಳು ಹೆಸರಿನ ತೊಡಕೂ ಉಂಟು. ಎಡ್ಡಿ ಕಾಲಿನ್ಸ್ 1906ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಫಿಲಡೆಲ್ಫಿಯಾ ಪರ ಸಲಿವನ್ ಎಂಬ ಹೆಸರಿನಲ್ಲಿ ಆಡಿದರು. ಹಾಗಾಗಿ ಹೆಸರು, ತಂಡ, ಸ್ಥಾನ, ದಿನಾಂಕ ನಾಲ್ಕೂ ಕೂಡಿ ಬಂದರೆ ಮಾತ್ರ ಅದು ನಿಮ್ಮ ಆಟಗಾರನ ದಾಖಲೆ.

ವಯಸ್ಸನ್ನು ಎರಡು ವರ್ಷ ಇಳಿಸಿ ಹೇಳುವುದು ಆ ವೃತ್ತಿಯಲ್ಲಿ ಮಾಮೂಲಾಗಿತ್ತು, ಏಕೆಂದರೆ ಮೂವತ್ತು ದಾಟಿದವನನ್ನು ಕೊಳ್ಳಲು ತಂಡಗಳು ಹಿಂಜರಿಯುತ್ತಿದ್ದವು. ಹುಟ್ಟಿದ ವರ್ಷದ ಬಗ್ಗೆ ಅನುಮಾನ ಬಂದರೆ 1900ರ ಅಮೆರಿಕದ ಜನಗಣತಿ ನೋಡಿ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ ಎರಡನ್ನೂ ಕೇಳಿದ್ದರು. 1890ರ ಗಣತಿಯ ಹಾಳೆಗಳು 1921ರ ಬೆಂಕಿಯ ನಂತರ ಬಹುಪಾಲು ಉಳಿದಿಲ್ಲ, ಅವನ್ನು ಹುಡುಕಿ ಹೊತ್ತು ಕಳೆಯಬೇಡಿ. ಸುಮಾರು 1873ರಿಂದ 1900ರ ನಡುವೆ ಹುಟ್ಟಿದವರಾದರೆ ಮೊದಲ ಮಹಾಯುದ್ಧದ ಸೇನಾ ನೋಂದಣಿ ಚೀಟಿ ಸಿಗುವ ಸಾಧ್ಯತೆ ಹೆಚ್ಚು. ಸತ್ತ ಮೇಲೆ ಪತ್ರಿಕೆ ಬರೆದ ವಯಸ್ಸಿಗಿಂತ ಬಾಲ್ಯದ ದಾಖಲೆಗೆ ಹೆಚ್ಚು ತೂಕ ಕೊಡಿ.

2. ತಂಡಗಳ ಪಟ್ಟಿಯನ್ನು ಲೀಗ್ ಸಮೇತ ಬರೆಯಿರಿ

ಪರಿಚಯಕ್ಕೆ ಜೀವ ಬರುವುದು ಇಲ್ಲಿ. ಹೆಚ್ಚಿನವರು ತಂಡಗಳ ಹೆಸರನ್ನು ಅಲ್ಪವಿರಾಮ ಹಾಕಿ ಸಾಲಾಗಿ ಜೋಡಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡದೆ ವರ್ಷ, ಊರು, ಲೀಗ್ ಎಂದು ಮೂರು ಅಂಕಣ ಎಳೆದು ಬರೆದು ನೋಡಿ. ಹೋಯ್ ಅವರದು ಹೀಗಿದೆ: 1888–89 ವಾಷಿಂಗ್ಟನ್, ನ್ಯಾಷನಲ್ ಲೀಗ್, 1890 ಬಫಲೋ, ಪ್ಲೇಯರ್ಸ್ ಲೀಗ್, 1891 ಸೇಂಟ್ ಲೂಯಿಸ್, ಅಮೆರಿಕನ್ ಅಸೋಸಿಯೇಷನ್, 1892–93 ವಾಷಿಂಗ್ಟನ್, 1894–97 ಸಿನ್ಸಿನಾಟಿ, 1898–99 ಲೂಯಿವಿಲ್, ಮೂರೂ ನ್ಯಾಷನಲ್ ಲೀಗ್, 1901 ಷಿಕಾಗೊ, ಅಮೆರಿಕನ್ ಲೀಗ್, 1902 ಮತ್ತೆ ಸಿನ್ಸಿನಾಟಿ.

ಈ ಪಟ್ಟಿ ನೋಡಿದವರಿಗೆ ಈತ ಎಲ್ಲೂ ನೆಲೆ ನಿಲ್ಲದ ಆಟಗಾರ ಅನ್ನಿಸಬಹುದು. ನಿಜ ಬೇರೆಯೇ ಇದೆ. 1890ರಲ್ಲಿ ಆಟಗಾರರ ಸಂಘವೇ ಮಾಲೀಕರ ವಿರುದ್ಧ ತಿರುಗಿಬಿದ್ದು ಪ್ಲೇಯರ್ಸ್ ಲೀಗ್ ಕಟ್ಟಿತು. ಹೋಯ್ ಅದರ ಜೊತೆ ಹೋದರು. ಆ ಲೀಗ್ ಒಂದೇ ವರ್ಷಕ್ಕೆ ಮುಚ್ಚಿತು, ಅದಕ್ಕೇ 1891ರ ಬದಲಾವಣೆ. ಆ ವರ್ಷದ ಕೊನೆಗೆ ಅಮೆರಿಕನ್ ಅಸೋಸಿಯೇಷನ್ ಕೂಡ ಮುಚ್ಚಿ, ಅದರ ನಾಲ್ಕು ತಂಡಗಳು ನ್ಯಾಷನಲ್ ಲೀಗಿಗೆ ಸೇರಿ, ಲೀಗ್ 12 ತಂಡಗಳದ್ದಾಯಿತು. 1899ರ ನಂತರ ಅದೇ ಲೀಗ್ 12ರಿಂದ ಎಂಟಕ್ಕೆ ಇಳಿಯಿತು. ಬಿಟ್ಟುಹೋದ ನಾಲ್ಕರಲ್ಲಿ ಲೂಯಿವಿಲ್ ಒಂದು. ಅಂದರೆ ಹೋಯ್ ಅವರ ಕಾಲ ಕೆಳಗಿನ ನೆಲವೇ ಮತ್ತೆಮತ್ತೆ ಕುಸಿದಿತ್ತು. ಹೋನಸ್ ವ್ಯಾಗ್ನರ್ 1900ರಲ್ಲಿ ಲೂಯಿವಿಲ್‌ನಿಂದ ಪಿಟ್ಸ್‌ಬರ್ಗ್‌ಗೆ ಬಂದದ್ದೂ ಇದೇ ಕಾರಣಕ್ಕೆ. ಯಾವ ಆಟಗಾರನ ಪಟ್ಟಿಯಲ್ಲಿ 1884, 1890, 1891–92, 1899–1901 ಅಥವಾ 1914–15ರ ಆಸುಪಾಸು ತಂಡ ಬದಲಾಗಿದ್ದರೂ ಮೊದಲು ಲೀಗಿನ ಇತಿಹಾಸ ನೋಡಿ, ಕಾರಣ ಬಹುತೇಕ ಅಲ್ಲಿಯೇ ಸಿಗುತ್ತದೆ.

ಪಟ್ಟಿಯಲ್ಲಿ 1900 ಇಲ್ಲದಿರುವುದನ್ನು ಗಮನಿಸಿದಿರಾ? ಹೋಯ್ ಆ ವರ್ಷವೂ ಷಿಕಾಗೊ ಪರ ಆಡಿದರು. ಆದರೆ ಅಮೆರಿಕನ್ ಲೀಗ್ ಆಗ ಇನ್ನೂ ಮೈನರ್ ಲೀಗ್. ಮೇಜರ್ ಲೀಗ್ ಎಂದು ಹೇಳಿಕೊಂಡದ್ದು 1901ರಿಂದ. ಹಾಗಾಗಿ 1900ರ ಅಂಕಿಗಳು ಅವರ ವೃತ್ತಿಜೀವನದ ಮೊತ್ತದಲ್ಲಿ ಸೇರುವುದಿಲ್ಲ. ನಡುವೆ ಒಂದು ವರ್ಷ ಖಾಲಿ ಕಂಡರೆ ಗಾಯ, ಜಗಳ, ನಿವೃತ್ತಿ ಎಂದು ಊಹಿಸಿ ಬರೆಯಬೇಡಿ.

ಕ್ರಿಯಾಪದದ ಬಗ್ಗೆಯೂ ಎಚ್ಚರ ಬೇಕು. 1879ರಲ್ಲಿ ಶುರುವಾದ ರಿಸರ್ವ್ ಕರಾರಿನಿಂದಾಗಿ ತಂಡ ಬಿಡುವವರೆಗೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಆ ಕಟ್ಟು ಸಡಿಲಾದದ್ದು 1975ರಲ್ಲಿ. ಆದ್ದರಿಂದ ‘ತಂಡ ತೊರೆದರು’ ಎಂದು ಬರೆದರೆ ಬಹುಮಟ್ಟಿಗೆ ಸುಳ್ಳು. ತಂಡ ಅವರನ್ನು ಮಾರಿತು, ಅದಲುಬದಲು ಮಾಡಿತು, ಬಿಡುಗಡೆ ಮಾಡಿತು, ಇವುಗಳಲ್ಲಿ ಯಾವುದೆಂದು ತಿಳಿದುಕೊಂಡು ಬರೆಯಿರಿ. ತಿಳಿಯದಿದ್ದರೆ ‘1894ರಿಂದ ಸಿನ್ಸಿನಾಟಿ ಪರ ಆಡಿದರು’ ಎಂದರೆ ಸಾಕು.

ಇನ್ನು ತಂಡದ ಅಡ್ಡಹೆಸರು. ಆ ಕಾಲದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಇಟ್ಟದ್ದು ಪತ್ರಕರ್ತರು. ನ್ಯಾಪ್ ಲಾಜ್‌ವೇ ನಾಯಕರಾಗಿದ್ದಾಗ ಕ್ಲೀವ್‌ಲ್ಯಾಂಡ್ ತಂಡಕ್ಕೆ ನ್ಯಾಪ್ಸ್ ಎಂದೇ ಹೆಸರಾಯಿತು. ಅದೇ ಹೆಸರು ಬೇರೆ ತಂಡಕ್ಕೂ ಹೋಗುತ್ತದೆ: 1891ರ ಸೇಂಟ್ ಲೂಯಿಸ್ ಬ್ರೌನ್ಸ್ ಇಂದಿನ ಕಾರ್ಡಿನಲ್ಸ್ ತಂಡದ ಪೂರ್ವಜ, 1902ರಲ್ಲಿ ಅಮೆರಿಕನ್ ಲೀಗಿಗೆ ಬಂದ ಬ್ರೌನ್ಸ್ ಬೇರೆಯೇ ತಂಡ. ಇಂದಿನ ವಾಷಿಂಗ್ಟನ್ ನ್ಯಾಷನಲ್ಸ್ 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದದ್ದು, ಹೋಯ್ ಆಡಿದ ತಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಊರು ಮತ್ತು ಲೀಗ್ ಮೊದಲು, ಅಡ್ಡಹೆಸರು ಬೇಕಾದರೆ ಆಮೇಲೆ.

3. ಆ ವರ್ಷದ ನಿಯಮ ನೋಡದೆ ಅಂಕಿ ಮುಟ್ಟಬೇಡಿ

ಹೊಡೆತದ ನೆರವಿಲ್ಲದೆ, ಎದುರಾಳಿಯ ಕಣ್ಣು ತಪ್ಪಿಸಿ ಓಟಗಾರ ಮುಂದಿನ ಬೇಸ್ (ಓಟದ ನಿಲ್ದಾಣ) ಸೇರಿದರೆ ಅದು ಕದ್ದ ಬೇಸ್. ಹೋಯ್ ಕದ್ದ ಬೇಸ್‌ಗಳ ಲೆಕ್ಕ 600ರ ಹತ್ತಿರಕ್ಕೆ ಬರುತ್ತದೆ. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ 1886ರಿಂದ 1897ರವರೆಗೆ ಈ ಲೆಕ್ಕದ ನಿಯಮವೇ ಬೇರೆ ಇತ್ತು. ಜೊತೆಗಾರ ಹಿಟ್ (ಬ್ಯಾಟರ್ ಬೇಸ್ ಸೇರುವಂಥ ಹೊಡೆತ) ಹೊಡೆದಾಗ ಓಟಗಾರ ಸಾಮಾನ್ಯವಾಗಿ ತಲುಪುವುದಕ್ಕಿಂತ ಒಂದು ಬೇಸ್ ಹೆಚ್ಚು ಓಡಿದರೆ ಅದೂ ಕದ್ದ ಬೇಸ್ ಎಂದೇ ಜಮೆಯಾಗುತ್ತಿತ್ತು. 1898ರಿಂದ ಇಂದಿನ ರೀತಿ ಬಂತು. ಹೋಯ್ ಅವರ 14 ಮೇಜರ್ ಲೀಗ್ ಋತುಗಳಲ್ಲಿ ಹತ್ತು ಹಳೆಯ ನಿಯಮದಡಿಯವು. ಅವರ ಅಂಕಿಯನ್ನು ಈಗಿನ ಆಟಗಾರನ ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ಇಬ್ಬರಿಗೂ ಅನ್ಯಾಯ. ‘ಆ ಕಾಲದ ಎಣಿಕೆಯಂತೆ’ ಎಂಬ ಮೂರು ಪದ ಸೇರಿಸಿದರೆ ವಾಕ್ಯ ಸರಿಹೋಗುತ್ತದೆ.

ಮೇಜಿನ ಮೇಲೆ ಅಂಟಿಸಿಕೊಳ್ಳಬೇಕಾದ ಇನ್ನು ಕೆಲವು ವರ್ಷಗಳಿವೆ. 1887ರಲ್ಲಿ ವಾಕ್ (ಕೆಟ್ಟ ಎಸೆತಗಳಿಂದಾಗಿ ಪುಕ್ಕಟೆ ಸಿಗುವ ಮೊದಲ ಬೇಸ್) ಕೂಡ ಹಿಟ್ ಎಂದು ಎಣಿಸಿದರು, ಒಂದೇ ವರ್ಷ. ಕ್ಯಾಪ್ ಆನ್ಸನ್ ಅವರ ಆ ವರ್ಷದ ಸರಾಸರಿ (ಬ್ಯಾಟಿಂಗ್ ಸರದಿಗಳಲ್ಲಿ ಹಿಟ್‌ಗಳ ಪಾಲು) ವಾಕ್ ಸೇರಿಸಿದರೆ 0.421, ತೆಗೆದರೆ 0.347. ಯಾವುದೋ ಹಳೆಯ ಲೇಖನದಲ್ಲಿ 1887ರ ಸರಾಸರಿ ನಂಬಲಾಗದಷ್ಟು ಹೆಚ್ಚಿದ್ದರೆ ಕಾರಣ ಇದೇ. 1893ರಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) ನಿಲ್ಲುವ ಜಾಗವನ್ನು ಹಿಂದಕ್ಕೆ ಸರಿಸಿ, ಇಂದಿಗೂ ಇರುವ 60 ಅಡಿ 6 ಅಂಗುಲದ ದೂರ ನಿಗದಿ ಮಾಡಿದರು. ಮರುವರ್ಷಗಳಲ್ಲಿ ಬ್ಯಾಟರ್‌ಗಳ ಸರಾಸರಿ ಜಿಗಿಯಿತು, ಹಲವು ಪಿಚರ್‌ಗಳ ವೃತ್ತಿಜೀವನ ಅಲ್ಲಿಗೇ ಮುಗಿಯಿತು. 1893ರ ಸುಮಾರಿಗೆ ಒಬ್ಬ ಪಿಚರ್ ಏಕಾಏಕಿ ಕುಸಿದಂತೆ ಕಂಡರೆ, ‘ಲಯ ಕಳೆದುಕೊಂಡರು’ ಎನ್ನುವ ಮೊದಲು ಈ ಐದು ಅಡಿ ನೆನಪಿಗೆ ಬರಲಿ. ಹಳೆಯ ಪಿಚರ್ ಪೆಟ್ಟಿಗೆಯ ಮುಂಗೆರೆ ಇದ್ದದ್ದು 50 ಅಡಿಗೆ, ಆದರೆ ಪಿಚರ್ ಹಿಂಗಾಲು ಊರಬೇಕಾಗಿದ್ದ ಹಿಂಗೆರೆ ಇದ್ದದ್ದು 55 ಅಡಿ 6 ಅಂಗುಲಕ್ಕೆ. ಗೆರೆಯಾಚೆ ಹೋದ ಫೌಲ್ ಹೊಡೆತವನ್ನು ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್) ಎಂದು ಎಣಿಸತೊಡಗಿದ್ದು ನ್ಯಾಷನಲ್ ಲೀಗಿನಲ್ಲಿ 1901ರಿಂದ, ಅಮೆರಿಕನ್ ಲೀಗಿನಲ್ಲಿ 1903ರಿಂದ. ಲಾಜ್‌ವೇ 1901ರಲ್ಲಿ 0.426 ಸರಾಸರಿ ಗಳಿಸಿದ್ದು ಅಮೆರಿಕನ್ ಲೀಗಿನಲ್ಲಿ, ಅಂದರೆ ಆ ನಿಯಮ ಅಲ್ಲಿಗೆ ಬರುವ ಮುಂಚೆ.

ಮೈದಾನವೂ ಅಂಕಿಯನ್ನು ಬದಲಿಸುತ್ತದೆ. ಷಿಕಾಗೊದ ನೆಡ್ ವಿಲಿಯಮ್ಸನ್ 1884ರಲ್ಲಿ 27 ಹೋಮ್ ರನ್ (ಬ್ಯಾಟರ್ ಎಲ್ಲ ಬೇಸ್ ಸುತ್ತಿ ಬರುವ ಹೊಡೆತ) ಹೊಡೆದರು, ಆ ದಾಖಲೆಯನ್ನು 1919ರಲ್ಲಿ ಬೇಬ್ ರೂತ್ ಮುರಿಯುವವರೆಗೆ ಯಾರೂ ಮುಟ್ಟಲಿಲ್ಲ. ಆದರೆ ಅವರ ತವರು ಮೈದಾನದ ಬೇಲಿ 200 ಅಡಿಗೂ ಹತ್ತಿರವಿತ್ತು. ಹಿಂದಿನ ವರ್ಷ ಬೇಲಿ ದಾಟಿದ ಚೆಂಡಿಗೆ ಎರಡು ಬೇಸ್ ಮಾತ್ರ ಕೊಡುತ್ತಿದ್ದರು, 1884ಕ್ಕೆ ಅದನ್ನೇ ಹೋಮ್ ರನ್ ಎಂದರು. 27ರಲ್ಲಿ 25 ಅಲ್ಲಿಯೇ ಬಂದವು. ಮರುವರ್ಷ ಬೇರೆ ಮೈದಾನದಲ್ಲಿ ಅವರು ಹೊಡೆದದ್ದು ಮೂರು. ವಿಲಿಯಮ್ಸನ್ ಒಳ್ಳೆಯ ಆಟಗಾರರೇ. ಅವರನ್ನು ಹೊಗಳಲು ಈ ಅಂಕಿಯ ಹಂಗು ಬೇಕಿಲ್ಲ.

4. ಅಂಕಿ ಎರಡಾದಾಗ

ಇಬ್ಬರು ಒಂದೇ ಆಟಗಾರನ ಮೊತ್ತವನ್ನು ಬೇರೆಬೇರೆ ಬರೆದಿದ್ದರೆ ಒಬ್ಬರು ತಪ್ಪಿದ್ದಾರೆ ಎಂದು ತೀರ್ಮಾನಿಸಬೇಡಿ. ವ್ಯತ್ಯಾಸದ ಮೂಲ ಸಾಮಾನ್ಯವಾಗಿ ಮೂರರಲ್ಲಿ ಒಂದು.

ಮೊದಲನೆಯದು ಲೀಗಿನ ಗಡಿ. ಆನ್ಸನ್ ಅವರ ಹಿಟ್‌ಗಳು ಒಂದೆಡೆ 3,435, ಇನ್ನೊಂದೆಡೆ 3,012. ನಡುವಿನ 423 ಹಿಟ್ ಬಂದದ್ದು 1871–75ರ ನ್ಯಾಷನಲ್ ಅಸೋಸಿಯೇಷನ್‌ನಲ್ಲಿ. ಮೇಜರ್ ಲೀಗ್ ಯಾವುವು ಎಂದು 1960ರ ದಶಕದ ಕೊನೆಗೆ ನಿರ್ಧರಿಸಿದ ಸಮಿತಿ ಆ ಲೀಗನ್ನು ಹೊರಗಿಟ್ಟಿತು, ಬೇಸ್‌ಬಾಲ್ ರೆಫರೆನ್ಸ್ ಸೇರಿಸಿಕೊಳ್ಳುತ್ತದೆ.

ಎರಡನೆಯದು ಬರಹಗಾರನ ಕೈತಪ್ಪು. ಟೈ ಕಾಬ್ ಅವರ ಹಿಟ್‌ಗಳು 4,191 ಎಂದು ದಶಕಗಳ ಕಾಲ ಬಾಯಿಪಾಠವಾಗಿತ್ತು. 1910ರ ಒಂದು ಪಂದ್ಯದ ಎರಡು ಹಿಟ್‌ಗಳನ್ನು ಎರಡು ಸಲ ಬರೆದುಕೊಂಡದ್ದು 1981ರಲ್ಲಿ ಬೆಳಕಿಗೆ ಬಂತು. ಸಂಶೋಧಕರ ಲೆಕ್ಕ ಈಗ 4,189. ಅಂದಿನ ಕಮಿಷನರ್ ಬೌವಿ ಕೂನ್ ತಿದ್ದಲು ಒಪ್ಪಲಿಲ್ಲ. 1985ರಲ್ಲಿ ಪೀಟ್ ರೋಸ್ ದಾಖಲೆ ಮುರಿದರೆಂದು ಸಂಭ್ರಮಿಸಿದ್ದು 4,191ನ್ನೇ ಗುರಿಯಾಗಿಟ್ಟುಕೊಂಡು.

ಮೂರನೆಯದು ಸ್ಕೋರರ್‌ನ ವಿವೇಚನೆ. ಚಾರ್ಲ್ಸ್ ರಾಡ್‌ಬೋರ್ನ್ 1884ರಲ್ಲಿ ಪ್ರಾವಿಡೆನ್ಸ್ ಪರ ಗೆದ್ದದ್ದು 59 ಪಂದ್ಯವೋ 60 ಪಂದ್ಯವೋ ಎಂಬ ಚರ್ಚೆ ಒಂದೇ ಪಂದ್ಯದ ಮೇಲೆ ನಿಂತಿದೆ. ಮುನ್ನಡೆಯಲ್ಲಿದ್ದ ಪಿಚರ್‌ನ ಬದಲಿಗೆ ಅವರು ನಡುವೆ ಬಂದಿದ್ದರು, ಸ್ಕೋರರ್ ಗೆಲುವನ್ನು ಇವರ ಹೆಸರಿಗೆ ಬರೆದ.

ಪರಿಹಾರ ಸರಳ: ಒಂದು ಮೂಲವನ್ನು ಆರಿಸಿ ಪೂರ್ತಿ ಅದಕ್ಕೇ ಅಂಟಿಕೊಳ್ಳಿ. ಒಂದು ಕಡೆಯ ಹಿಟ್, ಇನ್ನೊಂದು ಕಡೆಯ ಸರಾಸರಿ ಬೆರೆಸಿದರೆ ಭಾಗಿಸಿ ನೋಡುವ ಓದುಗನಿಗೆ ಲೆಕ್ಕ ಕೂಡುವುದಿಲ್ಲ. ವ್ಯತ್ಯಾಸ ಪ್ರಸಿದ್ಧವಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಿ.

5. ಯಾವ ಅಂಕಿ, ಎಷ್ಟು

ಕಿರುಪರಿಚಯಕ್ಕೆ ನಾಲ್ಕೈದು ಅಂಕಿ ಸಾಕು. ಬ್ಯಾಟರ್ ಆದರೆ ಋತುಗಳು, ಹಿಟ್, ಸರಾಸರಿ, ಕದ್ದ ಬೇಸ್. ಪಿಚರ್ ಆದರೆ ಗೆಲುವು-ಸೋಲು, ಇನಿಂಗ್ಸ್, ಕೊನೆಯವರೆಗೂ ತಾನೇ ಎಸೆದು ಮುಗಿಸಿದ ಪಂದ್ಯಗಳು. ಸೈ ಯಂಗ್ ಅವರ 511 ಗೆಲುವು ಎಲ್ಲರಿಗೂ ಗೊತ್ತು. 749 ಪಂದ್ಯಗಳನ್ನು ಬೇರೆಯವರ ಕೈಗೆ ಚೆಂಡು ಕೊಡದೆ ಮುಗಿಸಿದರು ಎಂಬುದು ಆ ಕಾಲವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಆರ್‌ಬಿಐ (ಬ್ಯಾಟರ್‌ನ ಆಟದಿಂದ ತಂಡಕ್ಕೆ ಬಂದ ರನ್) ಅಧಿಕೃತವಾದದ್ದು 1920ರಲ್ಲಿ, ಸೇವ್ (ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ ಬದಲಿ ಪಿಚರ್‌ನ ಲೆಕ್ಕ) 1969ರಲ್ಲಿ. ಹಳಬರ ಪುಟದಲ್ಲಿ ಕಾಣುವ ಇವೆಲ್ಲ ಮುಂದೆ ಯಾರೋ ಹಿಂದಕ್ಕೆ ಹೋಗಿ ಲೆಕ್ಕ ಹಾಕಿದವು, ಬಿಟ್ಟರೂ ನಷ್ಟವಿಲ್ಲ. ಹೋಮ್ ರನ್ ಬರೆಯುವುದಾದರೆ ಆ ಕಾಲದ ಅಳತೆಯನ್ನೂ ಕೊಡಿ: 1902ರಲ್ಲಿ ನ್ಯಾಷನಲ್ ಲೀಗಿನ ಅತಿಹೆಚ್ಚು ಹೋಮ್ ರನ್ ಟಾಮಿ ಲೀಚ್ ಅವರ ಆರು. ‘ಹೋಮ್ ರನ್’ ಬೇಕರ್ ಎಂದೇ ಹೆಸರಾದವರು ಯಾವ ವರ್ಷವೂ 12 ದಾಟಲಿಲ್ಲ.

ಕ್ರಿಕೆಟ್ ಬಲ್ಲ ಕನ್ನಡ ಓದುಗನಿಗೆ ‘ಸರಾಸರಿ 0.288’ ಅರ್ಥವಾಗುವುದಿಲ್ಲ. ಸಾವಿರ ಅಧಿಕೃತ ಬ್ಯಾಟಿಂಗ್ ಸರದಿಗೆ 288 ಹಿಟ್ ಎಂದು ಒಮ್ಮೆ ಬಿಡಿಸಿ ಹೇಳಿ, 0.300 ಎಂದರೆ ಉತ್ತಮ ಎಂದು ಅಳತೆ ಕೊಡಿ. ಕ್ರಿಕೆಟ್ಟಿನ ನಂಟು ಹೇಳುವ ಅವಕಾಶ ಬಂದರೆ ಬಿಡಬೇಡಿ, ಅದು ನಿಜವಾದ ನಂಟು. ರೆಡ್ ಸ್ಟಾಕಿಂಗ್ಸ್ ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಹುಟ್ಟಿದ ವೃತ್ತಿಪರ ಕ್ರಿಕೆಟಿಗ. ಬಾಕ್ಸ್ ಸ್ಕೋರಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಕೂಡ ಕ್ರಿಕೆಟ್ ವರದಿಗಾರರಾಗಿದ್ದವರು.

6. ಕಥೆಗಳನ್ನು ಜರಡಿ ಹಿಡಿಯಿರಿ

ಅಂಪೈರ್‌ಗಳ ಕೈಸನ್ನೆ ಹುಟ್ಟಿದ್ದೇ ಹೋಯ್ ಅವರಿಗಾಗಿ ಎಂಬ ಕಥೆ ಎಲ್ಲೆಡೆ ಇದೆ. ಕೇಳಲು ಚಂದ. ಅವರ ಆಟದ ದಿನಗಳ ಪತ್ರಿಕೆಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆಧಾರವಿರುವುದು ಇನ್ನೊಂದಕ್ಕೆ: ಬಾಲ್ ಅಥವಾ ಸ್ಟ್ರೈಕ್ ಎಂಬುದನ್ನು ಮೂರನೇ ಬೇಸಿನ ಬಳಿ ನಿಂತ ತಮ್ಮದೇ ತಂಡದ ಕೋಚ್ ಕೈ ಎತ್ತಿ ಅವರಿಗೆ ತಿಳಿಸುತ್ತಿದ್ದರು. ಎರಡನೆಯದನ್ನು ಬರೆಯಿರಿ. ಮೊದಲನೆಯದನ್ನು ಸೇರಿಸುವುದಾದರೆ ‘ಎಂಬ ನಂಬಿಕೆಯಿದೆ’ ಎಂದು ಬೇರ್ಪಡಿಸಿ ಇಡಿ.

ಪರೀಕ್ಷೆ ಹೀಗೆ: ಕಥೆಯಲ್ಲಿ ದಿನಾಂಕ, ಎದುರಾಳಿ, ಮೈದಾನ ಇದೆಯೇ? ಇದ್ದರೆ ಹಳೆಯ ಪಂದ್ಯಗಳ ವಿವರ ಕೂಡಿಟ್ಟಿರುವ ರೆಟ್ರೋಶೀಟ್ ತಾಣದಲ್ಲಿಯೋ ಆ ದಿನದ ಪತ್ರಿಕೆಯಲ್ಲಿಯೋ ನೋಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳ ಸಂಗ್ರಹ ಉಚಿತ. 1883ರಲ್ಲಿ ಶುರುವಾದ ಸ್ಪೋರ್ಟಿಂಗ್ ಲೈಫ್ ವಾರಪತ್ರಿಕೆಯ ಸಂಚಿಕೆಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಸ್ಥಾಪನೆಯಾದ ಸೇಬರ್ (SABR) ಎಂಬ ಬೇಸ್‌ಬಾಲ್ ಸಂಶೋಧಕರ ಸಂಸ್ಥೆಯ ಜೀವನಚರಿತ್ರೆ ಲೇಖನಗಳು ಒಳ್ಳೆಯ ದಾರಿದೀಪ. ಆದರೆ ಅವನ್ನು ಅನುವಾದಿಸಿ ನಿಮ್ಮದೆಂದು ಕೊಡಬೇಡಿ.

7. ಅಂಕಿಯೇ ಇಲ್ಲದವರು, ಅಂಕಿ ಅರ್ಧ ಇರುವವರು

ಆರ್ಚಿಬಾಲ್ಡ್ ಗ್ರಹಾಂ 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ಪರ ಬ್ರೂಕ್ಲಿನ್‌ನಲ್ಲಿ ಪಂದ್ಯದ ಕೊನೆಗೆ ರೈಟ್ ಫೀಲ್ಡಿಗೆ ಇಳಿದರು. ಒಂದು ಸಲವೂ ಬ್ಯಾಟ್ ಹಿಡಿಯುವ ಸರದಿ ಬರಲಿಲ್ಲ. ಮೇಜರ್ ಲೀಗಿನಲ್ಲಿ ಅಷ್ಟೇ. ಇಂಥವರ ಪರಿಚಯದಲ್ಲಿ ಮೈನರ್ ಲೀಗಿನ ವರ್ಷಗಳಿಗೂ ಆಟದ ನಂತರದ ಬದುಕಿಗೂ ಜಾಗ ಕೊಡಿ. ಗ್ರಹಾಂ ಮಿನೆಸೋಟದ ಚಿಜಮ್ ಊರಿನಲ್ಲಿ ದಶಕಗಳ ಕಾಲ ಶಾಲಾ ಮಕ್ಕಳ ವೈದ್ಯರಾಗಿದ್ದರು.

ಕಪ್ಪು ಆಟಗಾರರ ವಿಷಯದಲ್ಲಿ ಇನ್ನೂ ಹೆಚ್ಚಿನ ಶ್ರದ್ಧೆ ಬೇಕು. ಕ್ಯಾಚರ್ ಮೋಸಸ್ ಫ್ಲೀಟ್‌ವುಡ್ ವಾಕರ್ 1884ರಲ್ಲಿ ಟೊಲೀಡೊ ಪರ 42 ಪಂದ್ಯ ಆಡಿದರು. ಅದರ ನಂತರ ಬಾಗಿಲು ಮುಚ್ಚಿತು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ತೆರೆಯಲಿಲ್ಲ. ಆ ನಡುವೆ ಕಪ್ಪು ಆಟಗಾರರದೇ ಲೀಗ್‌ಗಳು ನಡೆದವು. ಅವುಗಳಲ್ಲಿ ಏಳನ್ನು 1920–48ರ ಅವಧಿಗೆ ಮೇಜರ್ ಲೀಗ್ ಎಂದು 2020ರ ಡಿಸೆಂಬರ್‌ನಲ್ಲಿ ಒಪ್ಪಿಕೊಳ್ಳಲಾಯಿತು, 2024ರ ಮೇ ತಿಂಗಳಲ್ಲಿ ಅಂಕಿಗಳನ್ನೂ ಸೇರಿಸಲಾಯಿತು. ಜಾಶ್ ಗಿಬ್ಸನ್ ಅವರ 0.372 ಈಗ ವೃತ್ತಿಜೀವನದ ಅತ್ಯುನ್ನತ ಸರಾಸರಿ, ಕಾಬ್ ಎರಡನೆಯವರು. ಗಿಬ್ಸನ್ ಅವರ ಹಾಲ್ ಆಫ್ ಫೇಮ್ ಫಲಕ 800ರ ಸಮೀಪದ ಹೋಮ್ ರನ್ ಎನ್ನುತ್ತದೆ, ಲೀಗ್ ದಾಖಲೆಯಲ್ಲಿರುವುದು 200ಕ್ಕೂ ಕಡಿಮೆ. ಎರಡೂ ಸುಳ್ಳಲ್ಲ. ಲೀಗ್ ಪಂದ್ಯಗಳು ಕಡಿಮೆ, ಊರೂರು ಸುತ್ತಿ ಆಡಿದ ಪಂದ್ಯಗಳು ಹೆಚ್ಚು. ಅವು ಲೆಕ್ಕಕ್ಕೆ ಬಂದಿಲ್ಲ. ಯಾವ ಪಂದ್ಯಗಳ ಅಂಕಿ ಎಂದು ಹೇಳಿಯೇ ಬರೆಯಿರಿ.

8. ಬರೆಯುವ ಕ್ರಮ, ಒಂದು ಮಾದರಿ

ಮೊದಲ ವಾಕ್ಯದಲ್ಲಿ ಹೆಸರು, ಸ್ಥಾನ, ಕಾಲ. ಆಮೇಲೆ ಬಾಲ್ಯ ಒಂದೆರಡು ವಾಕ್ಯ, ತಂಡಗಳ ಹಾದಿ ಕಾರಣ ಸಹಿತ, ದಿನಾಂಕವಿರುವ ಒಂದು ಪಂದ್ಯ, ಅಂಕಿ, ಆಟದ ನಂತರದ ಬದುಕು. ಅವಮಾನಕರ ಅಡ್ಡಹೆಸರಿದ್ದರೆ ದಾಖಲೆ ಹುಡುಕುವವರಿಗಾಗಿ ಒಮ್ಮೆ ಕೊಟ್ಟು ಮುಂದೆ ಮನೆತನದ ಹೆಸರನ್ನೇ ಬಳಸಿ.

*ವಿಲಿಯಂ ಎಲ್ಸ್‌ವರ್ತ್ ಹೋಯ್ (23 ಮೇ 1862, ಹೌಕ್‌ಟೌನ್, ಓಹಾಯೊ – 15 ಡಿಸೆಂಬರ್ 1961, ಸಿನ್ಸಿನಾಟಿ) 1888ರಿಂದ 1902ರವರೆಗೆ ಆಡಿದ ಸೆಂಟರ್ ಫೀಲ್ಡರ್. ಅಂದಿನ ದಾಖಲೆಗಳಲ್ಲಿ ‘ಡಮ್ಮಿ’ ಹೋಯ್. ಎಳೆವೆಯಲ್ಲಿ ಮೆದುಳುಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡರು. ಕೊಲಂಬಸ್‌ನ ಕಿವುಡರ ಶಾಲೆಯಲ್ಲಿ ಓದಿ, ಚಪ್ಪಲಿ ರಿಪೇರಿ ಮಾಡುತ್ತಿದ್ದು, ವಿಸ್ಕಾನ್ಸಿನ್‌ನ ಆಶ್‌ಕಾಶ್ ತಂಡದಿಂದ ವೃತ್ತಿಪರ ಆಟಕ್ಕೆ ಬಂದರು. ವಾಷಿಂಗ್ಟನ್ ಪರ ಮೊದಲ ಋತುವಿನಲ್ಲೇ 82 ಬೇಸ್ ಕದ್ದು ನ್ಯಾಷನಲ್ ಲೀಗಿನಲ್ಲಿ ಮೊದಲಿಗರಾದರು. 1889ರ ಜೂನ್ 19ರಂದು ಇಂಡಿಯಾನಪೊಲಿಸ್ ವಿರುದ್ಧ ಔಟ್‌ಫೀಲ್ಡಿನಿಂದ ನೇರ ಎಸೆದು ಮೂವರನ್ನು ಹೋಮ್ ಪ್ಲೇಟ್‌ನಲ್ಲಿ ಔಟ್ ಮಾಡಿದರು. ಚೆಂಡು ಹಿಡಿದ ಕ್ಯಾಚರ್ ಕಾನಿ ಮ್ಯಾಕ್. ಲೀಗ್‌ಗಳು ಹುಟ್ಟಿ ಮುಚ್ಚುತ್ತಿದ್ದ ಕಾಲದಲ್ಲಿ ನಾಲ್ಕು ಮೇಜರ್ ಲೀಗ್‌ಗಳಲ್ಲಿ ಆಡಿದರು. 1902ರ ಮೇ 16ರಂದು ಜೈಂಟ್ಸ್‌ನ ಪಿಚರ್ ಲೂಥರ್ ಟೇಲರ್ ಅವರನ್ನು ಎದುರಿಸಿದಾಗ, ಮೇಜರ್ ಲೀಗಿನಲ್ಲಿ ಇಬ್ಬರು ಕಿವುಡ ಆಟಗಾರರು ಮೊದಲ ಸಲ ಮುಖಾಮುಖಿಯಾದರು. 14 ಋತುಗಳಲ್ಲಿ 2,048 ಹಿಟ್, ಸರಾಸರಿ 0.288, ಆ ಕಾಲದ ಎಣಿಕೆಯಂತೆ 596 ಕದ್ದ ಬೇಸ್. ನಿವೃತ್ತಿಯ ನಂತರ ಸಿನ್ಸಿನಾಟಿ ಬಳಿ ಹೈನುಗಾರಿಕೆ ನಡೆಸಿದರು. 1961ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯಕ್ಕೆ, 99ನೇ ವಯಸ್ಸಿನಲ್ಲಿ, ಸಿನ್ಸಿನಾಟಿಯಲ್ಲಿ ಮೊದಲ ಚೆಂಡು ಎಸೆದರು.*

ಬರೆದ ಮೇಲೆ ಒಂದು ದಿನ ಬಿಟ್ಟು, ಇನ್ನೊಬ್ಬರು ಮೂಲ ಪುಟ ಓದುತ್ತಿರಲಿ, ನೀವು ನಿಮ್ಮ ಬರಹದ ಅಂಕಿಗಳಿಗೆ ಒಂದೊಂದಾಗಿ ಗೆರೆ ಎಳೆಯಿರಿ. 1889 ಹೋಗಿ 1898 ಆಗುವ ಅಂಕಿಪಲ್ಲಟ ಒಬ್ಬರೇ ಓದಿದರೆ ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಕಾಗುಣಿತ ಶೀರ್ಷಿಕೆಯಲ್ಲೂ ಒಳಗೂ ಒಂದೇ ಇದೆಯೇ ನೋಡಿ. ಕೊನೆಗೆ, ಅಂಕಿ ಯಾವ ತಾಣದ್ದು, ಯಾವ ತಿಂಗಳು ನೋಡಿದ್ದು ಎಂದು ಕಡತದಲ್ಲಿ ಗುರುತು ಹಾಕಿಡಿ. ಹಳಬರ ಮೊತ್ತಗಳು ಇಂದಿಗೂ ತಿದ್ದುಪಡಿಯಾಗುತ್ತಿವೆ, ಎರಡು ವರ್ಷದ ನಂತರ ಓದುಗರೊಬ್ಬರು ಪ್ರಶ್ನಿಸಿದರೆ ಉತ್ತರ ಆ ಗುರುತಿನಲ್ಲೇ ಇರುತ್ತದೆ.